ನಲವತ್ತೊಂದನೇ ಸ್ಲೈಡ್

ನಮ್ಮಕ್ಕ ರಕ್ತದ ಕ್ಯಾನ್ಸರಿನ ಡಾಕ್ಟರು. ಮೂವತ್ತು ವರ್ಷ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿಯೇ ಕಳೆದಳು. ಮನೆಯಲ್ಲಿ ಅವಳ ಕನ್ನಡಕ ಹುಡುಕಿಕೊಡುವ ಕೆಲಸ ನನ್ನದು. ರೋಗಿಗಳ ರಕ್ತದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಎಳೆದು, ಬಣ್ಣ ಹಾಕಿ, ಪೆಟ್ಟಿಗೆಯಲ್ಲಿ ಜೋಪಾನವಾಗಿ ಜೋಡಿಸುತ್ತಿದ್ದಳು. ಪಾಠಕ್ಕೂ ಅದೇ ಪೆಟ್ಟಿಗೆ. ಅದರಲ್ಲೊಂದು ಕಿತಾಪತಿ ಮಾಡಿದ್ದಳು: ನಲವತ್ತೊಂದನೇ ಸ್ಲೈಡ್ ಯಾವ ರೋಗಿಯದೂ ಅಲ್ಲ, ಅವಳದೇ. ಕಂಡಲ್ಲೆಲ್ಲ ಕ್ಯಾನ್ಸರ್ ಎನ್ನುವ ಅವಸರದ ವಿದ್ಯಾರ್ಥಿಗಳನ್ನು ಹಿಡಿಯಲು. ಅದು ಯಾರದೆಂದು ಮಾತ್ರ ಅವರೆದುರು ಬಾಯಿ ಬಿಟ್ಟವಳಲ್ಲ.

ಒಬ್ಬ ವಿದ್ಯಾರ್ಥಿಯನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಳು. ಅವನ ಅತಿ ವಿನಯ ನನಗೆ ಮೊದಲಿನಿಂದಲೂ ಹಿಡಿಸದು. ಹೇಳಿದರೆ ನನಗೇ ಬೈಗುಳ. ನಿವೃತ್ತಳಾದಾಗ ಮೆಡಿಕಲ್ ಕಾಲೇಜಿನ ತನ್ನ ವಿಭಾಗವನ್ನೂ ಪೆಟ್ಟಿಗೆಯನ್ನೂ ಅವನಿಗೇ ಒಪ್ಪಿಸಿ ಬಂದಳು.

ಎರಡು ವರ್ಷದಲ್ಲಿ ಅವನ ಲೇಖನ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹೊಸ ಔಷಧಿಯನ್ನು ಅರ್ಧ ಅವಧಿ ಕೊಟ್ಟರೆ ಸಾಕು, ಇಗೋ ಗುಣವಾದವರು ಎಂದು ಸ್ಲೈಡುಗಳ ಫೋಟೊ. ಅಕ್ಕ ಒಂದರ ಮೇಲೆ ಬೆರಳಿಟ್ಟಳು: ನಲವತ್ತೊಂದನೆಯದು. ಅವಳ ಕೆಂಪು ಕಣಗಳು ಹುಟ್ಟಿನಿಂದಲೇ ಮೊಟ್ಟೆಯಾಕಾರ. ತೊಂದರೆಯೇನಿಲ್ಲ, ನನ್ನವೂ ಹಾಗೇ. ಕ್ಯಾನ್ಸರೇ ಬಾರದವಳನ್ನು ಆ ಮಹಾಶಯ ಗುಣಪಡಿಸಿದ್ದ. ಉಳಿದವರೂ ಅವಳ ಹಳೆಯ ರೋಗಿಗಳೇ, ಬೇರೆ ಔಷಧಿ ತೆಗೆದುಕೊಂಡವರು.

ಮರುದಿನ ಅವಳ ಜೊತೆ ನಾನೂ ವಿಭಾಗಕ್ಕೆ ಹೋದೆ. ಅವಳು ಕೂರುತ್ತಿದ್ದ ಕುರ್ಚಿಯಲ್ಲೇ ಕೂತಿದ್ದ.

“ಒಂದು ಸ್ಲೈಡಿಗೋಸ್ಕರ ಯಾಕೆ ಮೇಡಂ ಇಷ್ಟೆಲ್ಲ? ಲೇಖನದ ಕೊನೇಲಿ ನಿಮಗೆ ಥ್ಯಾಂಕ್ಸ್ ಹೇಳಿದೀನಲ್ಲ,” ಎಂದ.

“ಇದನ್ನ ನಂಬಿ ಯಾರಾದ್ರೂ ಔಷಧಿ ಅರ್ಧಕ್ಕೆ ನಿಲ್ಲಿಸಿದ್ರೆ ರೋಗಿ ಸಾಯ್ತಾನೆ ಕಣೋ. ಲೇಖನ ವಾಪಸ್ ತಗೋ.”

ಮೀಟಿಂಗ್ ಇದೆ ಎಂದು ಎದ್ದುಹೋದ.

ಅಕ್ಕ ಪತ್ರಿಕೆಗೆ ಬರೆದಳು. ಅವರು ವಿಭಾಗವನ್ನು ವಿಚಾರಿಸಿದರು. ವಿಭಾಗ ಕೊಟ್ಟ ಉತ್ತರದ ಪ್ರತಿ ನಮಗೂ ಬಂತು: ಮೇಡಂಗೆ ಈಚೆಗೆ ಮರೆವು, ಅವರ ರಕ್ತದ ಸ್ಲೈಡ್ ಇಲ್ಲಿ ಎಂದೂ ಇರಲಿಲ್ಲ. ಆದ್ದರಿಂದ ಲೇಖನ ಹಾಗೇ ಉಳಿಯುತ್ತದೆ ಎಂದು ಪತ್ರಿಕೆಯವರ ಒಂದು ಸಾಲು. ವಿಭಾಗದ ಉತ್ತರದ ಕೆಳಗೆ ಹದಿನೇಳು ಸಹಿ, ಹೆಚ್ಚಿನವು ಅವಳ ವಿದ್ಯಾರ್ಥಿಗಳವೇ. ಉತ್ತರಪತ್ರಿಕೆ ತಿದ್ದಿ ತಿದ್ದಿ ಅವಳಿಗೆ ಆ ಅಕ್ಷರಗಳೆಲ್ಲ ಪರಿಚಿತ. ಒಂದೊಂದನ್ನೇ ಓದುತ್ತ ಹೋದಳು. ಇವರಿಗೆಲ್ಲ ನಮ್ಮ ಮನೆಯಲ್ಲಿ ಕೈಯಾರೆ ಬಡಿಸಿದವಳು ನಾನು.

ಕೊನೆಯ ಸಹಿ ಲ್ಯಾಬ್ ಟೆಕ್ನೀಶಿಯನ್‌ನದು. ಅಲ್ಲಿಗೆ ಬಂದಾಗ ಅಕ್ಕ ಕನ್ನಡಕ ತೆಗೆದಿಟ್ಟಳು.

“ಉಳಿದವರಿಗೆ ಗೊತ್ತಿರ್ಲಿಲ್ಲ ಅನ್ನಬಹುದು ಕಣೇ,” ಎಂದಳು. “ನನ್ನ ಬೆರಳು ಚುಚ್ಚಿ ಆ ರಕ್ತ ತೆಗೆದಿದ್ದೇ ಇವನು.”