ಇಮಾಮ್ ಮಿಸ್ತ್ರಿಯ ಕಿವಿ, ನಾನು ತೋರಿಸಿದ ಡ್ರಮ್ಮು

ನಾನು ಸುಳ್ಳು ಹೇಳಿದೆ, ರಜಿಯಾ. ಭಾಲ್ಕಿಯ ಗಿರಣಿಯ ಎಂಜಿನ್ನು ಕೆಟ್ಟದ್ದು ನಿನ್ನ ಅಪ್ಪನ ಕಿವುಡಿನಿಂದಲ್ಲ — ನನ್ನಿಂದ. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉಂಡೆ, ಮಲಗಿದೆ, ಮಕ್ಕಳ ಮದುವೆ ಮಾಡಿದೆ. ಎಂಥ ಭಂಡ ಬಾಳು —

ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ನಾನು ಎಕಂಬಾದಿಂದ ಬಂದು ಆ ಗಿರಣಿಯಲ್ಲಿ ಲೆಕ್ಕ ಬರೆಯುವ ಮುನೀಮನಾಗಿದ್ದೆ. ಗೋದಾಮು ನನ್ನ ಕೈಯಲ್ಲಿತ್ತು. ನಿನ್ನ ಅಪ್ಪ ಇಮಾಮ್ ಮಿಸ್ತ್ರಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ಡೀಸೆಲ್ ಬಾರದ ದಿನಗಳಲ್ಲಿ ಅವರು ಕುಸುಬೆ ಎಣ್ಣೆಯನ್ನು ಸೋಸಿ, ಬಿಸಿ ಮಾಡಿ, ಅದರಿಂದಲೇ ಎಂಜಿನ್ ಓಡಿಸುತ್ತಿದ್ದರು. ಆದರೆ ಕುಸುಬೆ ಎಣ್ಣೆ ಬಹಳ ದಿನ ಇಟ್ಟರೆ ಕೆಡುತ್ತದೆ. ಒಂದು ಬೇಸಿಗೆ ಕಂಡ ಎಣ್ಣೆ ನೋಡಲು ಹೊಸದರಂತೆಯೇ ಇರುತ್ತದೆ, ಎಂಜಿನ್ನಿನ ಬಿಸಿ ತಗುಲಿದಾಗ ಗೋಂದಾಗುತ್ತದೆ. ಅದಕ್ಕೆಂದೇ ಮಿಸ್ತ್ರಿ ಪ್ರತಿ ಡ್ರಮ್ಮಿನ ಮೇಲೂ ಎಣ್ಣೆ ತುಂಬಿದ ತಿಂಗಳನ್ನು ಸುಣ್ಣದಿಂದ ಉರ್ದುವಿನಲ್ಲಿ ಬರೆದಿಡುತ್ತಿದ್ದರು. ಹೊಸದು ಎಂಜಿನ್ನಿಗೆ, ಹಳೆಯದು ದೀಪಕ್ಕೆ.

ಕನ್ನಡದ ರಾಜ್ಯವಾಯಿತೆಂದು ನನಗೆ ಕೋಡು ಮೂಡಿತ್ತು. ಯಾರೂ ಹೇಳಿರಲಿಲ್ಲ — ನಾನೇ ಒಂದು ಮಧ್ಯಾಹ್ನ ಒದ್ದೆ ಗೋಣಿಚೀಲದಿಂದ ಆ ಉರ್ದು ಅಕ್ಷರಗಳನ್ನೆಲ್ಲ ಒರೆಸಿದೆ. ನಿಜಾಮನ ಕಾಲದ ಶಾಲೆಯಲ್ಲಿ ಉರ್ದುವನ್ನೇ ಓದಿದವನು ನಾನು, ಆ ತಿಂಗಳುಗಳು ನನಗೆ ಚೆನ್ನಾಗಿ ಗೊತ್ತಾಗುತ್ತಿದ್ದವು. ಓದಿಯೇ ಒರೆಸಿದೆ! ಎಲ್ಲ ಡ್ರಮ್ಮುಗಳ ಮೇಲೂ ದಪ್ಪಕ್ಷರದಲ್ಲಿ ‘ಎಣ್ಣೆ’ ಎಂದು ಬರೆದೆ, ಅಷ್ಟೇ. ಎಣ್ಣೆಯ ಡ್ರಮ್ಮಿನ ಮೇಲೆ ಎಣ್ಣೆ ಎಂದು ಬರೆದ ಜಾಣ! ಇದು ನಾನು ಮಾಡಿದ ಕನ್ನಡದ ಸೇವೆ — ಥೂ.

ಮರುದಿನ ಮಿಸ್ತ್ರಿ ಗೋದಾಮಿಗೆ ಬಂದರು.

“ಮುನೀಮರೇ, ನಾ ಬರ್ದಿದ್ದು ಯಾರು ಅಳಿಸ್ಯಾರ್ರಿ? ಇದರಾಗ ಹೊಸಾದು ಯಾವ್ದರಿ?”

ನಾನು ತಿರುಗಿಯೂ ನೋಡಲಿಲ್ಲ. “ಈಗ ಕನ್ನಡದಾಗ ಬರ್ದದ. ಓದ್ಕೋರಿ.”

“ಏನಂದ್ರಿ? ಕೇಳಿಸಲಿಲ್ಲರಿ.”

ಎಂಜಿನ್ನಿನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಅವರ ಕಿವಿ ಮಂದವಾಗಿತ್ತು. ಅವರಿಗೆ ಕನ್ನಡ ಓದಲು ಬಾರದೆಂಬುದೂ ನನಗೆ ಗೊತ್ತಿತ್ತು. ಮುಂದೆ ನಿಂತಿದ್ದ ಒಂದು ಡ್ರಮ್ಮಿನತ್ತ ಕೈ ತೋರಿಸಿ ಹೊರಟುಬಿಟ್ಟೆ. ಅದು ಹಳೆಯದೋ ಹೊಸದೋ — ಅಳಿಸಿದ ನನಗೇ ನೆನಪಿರಲಿಲ್ಲ.

ಮೂರನೆಯ ದಿನ ಎಂಜಿನ್ನು ಹಿಡಿದುಕೊಂಡು ನಿಂತೇಬಿಟ್ಟಿತು. ಬಿಚ್ಚಿದರೆ ಒಳಗೆಲ್ಲ ಕಂದು ಗೋಂದು. ಮಾಲೀಕರು ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದಾಗ ನನ್ನ ನಾಲಿಗೆ ತಡವರಿಸಲೂ ಇಲ್ಲ: “ಅದು ಹಳೇದು ಅಂತ ಹೇಳಿದ್ದೆನ್ರಿ ಮಾಲಕ್ರೇ. ಅವರ ಕಿವಿಗಿ ಬಿದ್ದಿಲ್ಲ.”

ಮಿಸ್ತ್ರಿ ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ — ಕಪಾಳಕ್ಕೆ ಬಿಗಿದಿದ್ದರೆ —

“ಹೇಳಿರಬೇಕ್ರಿ,” ಎಂದರು. “ಮುನೀಮರು ಸುಳ್ಳು ಯಾಕ ಹೇಳ್ತಾರ? ನನ್ನ ಕಿವೀನೇ ದಗಾ ಮಾಡ್ತು.”

ಅಂದೇ ಅವರ ಕೆಲಸ ಹೋಯಿತು. ಆಮೇಲೆ ಔರಾದಿನ ಗಿರಣಿಯವರು ಕರೆದರೂ ಅವರು ಹೋಗಲಿಲ್ಲ. “ನನ್ನ ಕಿವಿ ಮ್ಯಾಲ ನನಗ ಭರವಸಾ ಇಲ್ಲರಿ” ಎಂದರಂತೆ. ಆ ಮಾತು ನನ್ನವರೆಗೂ ಬಂತು. ಆಗಲೂ ಸುಮ್ಮನಿದ್ದೆ. ಅಂಥ ಎಂಜಿನ್ ಮಿಸ್ತ್ರಿ ಬೀದರಿನ ಒಂದು ಮೂಲೆಯಲ್ಲಿ ಕೂತು ಸ್ಟವ್ ರಿಪೇರಿ ಮಾಡುತ್ತಲೇ ಸತ್ತರು. ಮಣ್ಣಿಗೂ ನಾನು ಬರಲಿಲ್ಲ.

ಹೋದ ತಿಂಗಳು ನಿನ್ನ ಮನೆಗೆ ಬಂದಿದ್ದೆ. ನೀನು ಚಹಾ ಕೊಟ್ಟು, ಮೊಮ್ಮಕ್ಕಳಿಗೆ ನನ್ನ ಪರಿಚಯ ಹೇಳಿ ನಕ್ಕೆ: “ನಮ್ಮ ಅಬ್ಬಾ ಕಿವುಡರಿದ್ರು. ಇವರ ಮಾತು ಕೇಳಿಸದೇ ಗಿರಣಿ ಎಂಜಿನ್ ಕೆಡಿಸಿದ್ರು.” ಮಕ್ಕಳೂ ನಕ್ಕರು. ನಾನು ಆ ಚಹಾ ಕುಡಿದೆ, ರಜಿಯಾ. ಪೂರ್ತಿ ಕುಡಿದು ಎದ್ದು ಬಂದೆ.

ಈ ಶುಕ್ರವಾರ ಮತ್ತೆ ಬರುತ್ತೇನೆ. ಕ್ಷಮೆ ಬೇಡಲು ಅಲ್ಲ — ಕೊಡಬೇಕಾದವರು ಇಲ್ಲ. ಆ ಮಕ್ಕಳನ್ನು ಕರೆದು ಕೂರಿಸು. ಅವರ ಮುತ್ತಾತನ ತಪ್ಪು ಒಂದೇ, ನನ್ನನ್ನು ನಂಬಿದ್ದು — ಅದನ್ನು ಅವರಿಗೆ ನಾನೇ ಹೇಳಬೇಕು. ನೀನು ಬಾಗಿಲು ಹಾಕಿಕೊಂಡರೆ ಓಣಿಯಲ್ಲೇ ನಿಂತು ಕೂಗಿ ಹೇಳುತ್ತೇನೆ.