ಗೌರವ್ವನ ಕಡ್ಡಿಪೆಟ್ಟಿಗೆ

ಹೆಣ್ಣು ಕೂಸು. ನನ್ನ ಮಗಳು ರೇಖಾ ಹೆತ್ತಿದ್ದಾಳೆ, ನಾನು ಅಜ್ಜಿಯಾಗಿದ್ದೇನೆ. ಇವತ್ತು ಮಧ್ಯಾಹ್ನ ಸವಣೂರಿನ ಆಸ್ಪತ್ರೆಯಿಂದ ತಾಯಿ ಕೂಸು ಇಬ್ಬರನ್ನೂ ಹತ್ತಿಮತ್ತೂರಿನ ಮನೆಗೆ ಕರೆತಂದೆವು. ಖುಷಿಗೆ ನನ್ನ ಕೈಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಚಹಾಕ್ಕೆ ಉಪ್ಪು ಹಾಕಿದ್ದೆ, ಬೀಗರು ಪಾಪ ಸುಮ್ಮನೆ ಕುಡಿದರು. ಆಟೋದವನಿಗೆ ಸಕ್ಕರೆ, ಕಾಯಿಪಲ್ಲೆ ಮಾರುವವಳಿಗೆ ಸಕ್ಕರೆ, ಎಮ್ಮೆಗೂ ಒಂದು ಹಿಡಿ. ಬೇಗ ಸಾಲಿ ಬಿಟ್ಟವಳು ನಾನು, ಬರೆಯುವುದು ನಿಧಾನ. ಆದರೂ ಈ ಕೂಸು ಈ ಮನೆಯಲ್ಲೇ ಯಾಕೆ ಅಳುತ್ತಿದೆ ಎಂದು ಹೇಳಬೇಕಾದರೆ ಗೌರವ್ವನ ಬಗ್ಗೆ ಬರೆಯದೆ ಆಗುವುದಿಲ್ಲ.

ಗೌರವ್ವ ನಮ್ಮ ಪಕ್ಕದ ಮನೆಯವಳು. ಬೆದರಿಕೆ ಹಾಕದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಎಮ್ಮೆಗೆ, ನಿನ್ನನ್ನು ಸಂತೆಗೆ ಹೊಡೆಯುತ್ತೇನೆ ಎಂದು ಬೆದರಿಕೆ. ಆ ಎಮ್ಮೆ ಅವಳ ಕೊಟ್ಟಿಗೆಯಲ್ಲೇ ಮುದಿಯಾಯಿತು. ಗಂಡನಿಗೆ, ತವರಿಗೆ ಹೋಗುತ್ತೇನೆ ಎಂದು ಬೆದರಿಕೆ. ಗಂಟು ಕಟ್ಟಿಕೊಂಡು ಬಸ್ಸು ಹತ್ತಿ, ಸವಣೂರಿನಲ್ಲಿ ಇಳಿದು ಎಲೆ ಕೊಂಡು, ಬಾಯಿ ಕೆಂಪು ಮಾಡಿಕೊಂಡು ಸಂಜೆಯ ಬಸ್ಸಿಗೆ ವಾಪಸ್. ಸಿಟ್ಟು ನೆತ್ತಿಗೇರಿದರೆ ಮಾತ್ರ ಕೊನೆಯ ಅಸ್ತ್ರ: "ನಾ ಉಣ್ಣೂದಿಲ್ಲ." ಆಗ ಮನೆಯವರೆಲ್ಲ ಗಲ್ಲ ಹಿಡಿದು ಬೇಡಬೇಕು. ಆಮೇಲೆ ಎಲ್ಲರಿಗಿಂತ ಒಂದು ರೊಟ್ಟಿ ಹೆಚ್ಚೇ ಉಣ್ಣುತ್ತಿದ್ದಳು.

ಮಾಡದ್ದನ್ನು ಯಾಕೆ ಹೇಳುತ್ತೀ ಎಂದು ನಾನೊಮ್ಮೆ ಕೇಳಿದ್ದೆ. ಎಲೆಗೆ ಸುಣ್ಣ ಸವರುತ್ತಾ ಅಂದಳು: "ಮಾಡೂದಿದ್ರ ಹೇಳ್ಕೋತ ಯಾಕ ಕುಂದರ್ಲಿ? ಮಾಡೂದು ಬರಬಾರ್ದಂತನ ಹೇಳೂದು."

ಅವಳ ಮೇವಿನ ಬಣವಿ, ನಮ್ಮ ಬಣವಿ ಹಿತ್ತಿಲಲ್ಲಿ ಅಕ್ಕತಂಗಿಯರ ಹಾಗೆ ಆತು ನಿಂತಿದ್ದವು. ಒಂದು ಸುಗ್ಗಿಯಲ್ಲಿ ನಮ್ಮ ಮನೆಯವರು ಎತ್ತಿನ ಚಕ್ಕಡಿಯನ್ನು ಅವಳ ದಾರಿಗೆ ಅಡ್ಡ ಬಿಟ್ಟರು. ಗೌರವ್ವ ಕಡ್ಡಿಪೆಟ್ಟಿಗೆ ಹಿಡಿದು ಬಂದು ನಿಂತಳು. ಚಕ್ಕಡಿ ತೆಗೆಯದಿದ್ದರೆ ತನ್ನ ಬಣವಿಗೆ ತಾನೇ ಬೆಂಕಿ ಹಚ್ಚುತ್ತಾಳಂತೆ. ಅವಳದು ಸುಟ್ಟರೆ ನಮ್ಮದು ಉಳಿದೀತೇ? ಓಣಿಗೆ ಓಣಿಯೇ ನಗಲು ನೆರೆಯಿತು. ನಮ್ಮವರು ಕಟ್ಟೆಯಿಂದ ಏಳಲೇ ಇಲ್ಲ. "ಹಚ್ಚು ಗೌರವ್ವಾ, ಥಂಡಿ ಐತಿ, ಕಾಸ್ಕೋತೇವಿ" ಅಂದರು.

ಗೌರವ್ವ ಕಡ್ಡಿ ಗೀರಿದಳು. ಮುಂದೆ ಎರಡೂ ಬಣವಿ ಬೂದಿ.

ಬೆಂಕಿ ಆರಿದ ಮೇಲೆ ನಮ್ಮ ಕಟ್ಟೆಯ ಮೇಲೇ ಕುಳಿತು ಅತ್ತಳು. "ನಾ ಎಲ್ಲಿ ಹಚ್ಚಾಕ ಹೋಗಿದ್ನಿ? ತೋರಸಾಕ ಹೋಗಿದ್ನಿ. ಬೆರಳು ಸುಟ್ಟಿತು, ಕಡ್ಡಿ ಬಿಟ್ಟೆ." ಆ ಬೇಸಿಗೆ ಮಾಸೂರಿನ ನಮ್ಮ ಬೀಗರು ಕಳಿಸಿದ ಭತ್ತದ ಹುಲ್ಲನ್ನು ಎರಡೂ ಮನೆಯ ದನಗಳು ಒಂದೇ ಗೋದಲಿಯಲ್ಲಿ ತಿಂದವು.

ಈ ವರ್ಷ ನಮ್ಮ ರೇಖಾ, ಅಳಿಯ ಮಂಜುನಾಥ ಇಬ್ಬರೂ ಹೊರದೇಶದಲ್ಲಿದ್ದರು. ಅವಳು ನರ್ಸು, ಅವರು ಲೈಟಿನ ಕೆಲಸದವರು. ಅವರಿದ್ದಲ್ಲಿಂದ ಪಕ್ಕದ ದೇಶದಲ್ಲೇ ಯುದ್ಧ. ಅಲ್ಲಿನ ದೊಡ್ಡ ಮನುಷ್ಯ ಟೀವಿಯಲ್ಲಿ ಬಂದು ಅಣುಬಾಂಬು ಹಾಕುತ್ತೇನೆ ಎನ್ನುವುದು. ರೇಖಾಗೆ ಆಗಲೇ ತಿಂಗಳು ತುಂಬುತ್ತಾ ಬಂದಿತ್ತು. ಇನ್ನು ಸ್ವಲ್ಪ ದಿನ ಕಳೆದರೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಅಳಿಯಂದಿರು ಅಲ್ಲೇ ಹೆರಿಗೆ ಮಾಡಿಸೋಣ ಅನ್ನುವವರು. "ಅತ್ತಿ, ಆ ಮನಶ್ಯಾ ದಿನಾ ಹಂಗ ಅಂತಾನ. ಬಾಂಬ್ ಹಾಕಿದ್ರ ಅವನ ಮನೀನೂ ಸುಡತೈತಿ. ಹಾಕೂದಿಲ್ಲ ತಗೋರಿ" ಎಂದು ಫೋನಿನಲ್ಲಿ ನಕ್ಕರು. ನನಗೆ ಅಂದು ಕಟ್ಟೆಯ ಮೇಲೆ ಕುಳಿತಿದ್ದ ನಮ್ಮವರ ನಗು ಕೇಳಿಸಿದ ಹಾಗಾಯಿತು.

"ಹಾಕೂದಿಲ್ಲಂತ ನನಗೂ ಗೊತ್ತೈತ್ರಿ" ಅಂದೆ. "ಆದ್ರ ಕಡ್ಡಿ ಗೀರಿ ಕೈಯಾಗ ಹಿಡ್ಕೊಂಡು ನಿಂತಾನಲ್ಲ, ಬೆರಳು ಸುಟ್ರ ಏನ್ಮಾಡ್ತಾನ? ಚೊಚ್ಚಲ ಬಾಣಂತನ ತವರಿಗೆ ಸೇರಿದ್ದು. ನನ್ನ ಮಗಳನ್ನ ಕಳಸ್ರಿ."

ಗೊಣಗುತ್ತಲೇ ಕಳಿಸಿದರು, ಹಿಂದಿನಿಂದ ತಾವೂ ಬಂದರು. ಬಾಂಬು ಬೀಳಲಿಲ್ಲ, ಕೂಸು ಬಂತು. ಎಲ್ಲಿ ನಿಮ್ಮ ಬಾಂಬು ಎಂದು ಅಳಿಯಂದಿರು ಬೆಳಗಿನಿಂದ ಕಾಡುತ್ತಿದ್ದಾರೆ. ಕಾಡಲಿ. ಇಂಥ ವಿಷಯದಲ್ಲಿ ನಾನು ಸಾಯುವ ತನಕ ಹುಚ್ಚಿ ಅನ್ನಿಸಿಕೊಂಡರೂ ಚಿಂತೆಯಿಲ್ಲ. ಆ ಕಡೆಯ ಬಾಣಂತಿಯರು ಯಾವ ತವರಿಗೆ ಹೋಗಬೇಕೋ, ಅವರ ನೆತ್ತಿಯ ಮೇಲೂ ಏನೂ ಬೀಳದಿರಲಿ.

ಗೌರವ್ವ ಇದ್ದಿದ್ದರೆ ಮೊದಲು ಅವಳ ಮಡಿಲಿಗೇ ಕೂಸು ಕೊಡುತ್ತಿದ್ದೆ. ಹಾಸಿಗೆ ಹಿಡಿದಾಗ, ಸತ್ತು ಹೋಗುತ್ತೇನೆ ನೋಡು ಎಂದು ನನಗೂ ಬೆದರಿಕೆ ಹಾಕಿದಳು. ದಿನಾ ಹೇಳುತ್ತೀ, ಹೋಗು ಎಂದು ನಕ್ಕು ಗಂಜಿ ಕುಡಿಸಿ ಬಂದೆ. ಮರುದಿನ ಬೆಳಿಗ್ಗೆ ಅದನ್ನೂ ಮಾಡಿ ತೋರಿಸಿದಳು.

ಸಂಜೆ ಎಲ್ಲರೂ ಸಾಲಾಗಿ ಉಣ್ಣಲು ಕುಳಿತೆವು. ಹೋಳಿಗೆ, ಮೇಲೆ ತುಪ್ಪ; ಕೋಣೆಯ ಹೊಸ್ತಿಲಲ್ಲಿ ರೇಖಾಗೆ ಬೆಳ್ಳುಳ್ಳಿ ಸಾರು, ಬಿಸಿ ಅನ್ನ. ಅಳಿಯಂದಿರು ಮೊಬೈಲು ನೋಡುತ್ತಾ ಕೂಸಿಗೆ ಒಂದೊಂದೇ ಹೊಸ ಹೆಸರು ಓದಿದರು. ಒಂದೂ ನನ್ನ ನಾಲಿಗೆಗೆ ಹೊರಳಲಿಲ್ಲ. ನಾನು ತಾಟಿನಿಂದ ಕೈ ತೆಗೆದೆ.

"ಗೌರಿ ಅಂತ ಇಡಲಿಲ್ಲಂದ್ರ ನಾ ಉಣ್ಣೂದಿಲ್ಲ."

ಎಲ್ಲರೂ ನಕ್ಕರು, ಅಳಿಯಂದಿರೂ ನಕ್ಕರು. ಆಮೇಲೆ ನನ್ನ ಕೈ ನೋಡಿದರು, ತಾಟು ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಮೊಬೈಲು ಕೆಳಗಿಟ್ಟರು.

"ಉಣ್ರಿ ಅತ್ತಿ. ಗೌರಿ ಅಂತನ ಇಡೂಣು."

ಹೋಳಿಗೆ ಆರುವ ಮೊದಲೇ ಮುರಿದೆ. ಹೇಗಿದ್ದರೂ ಉಣ್ಣುವವಳೇ ಇದ್ದೆ. ಪಾಪ, ಅವರಿಗದು ಗೊತ್ತಿರಲಿಲ್ಲ. ಎಲ್ಲರಿಗಿಂತ ಒಂದು ಹೋಳಿಗೆ ಹೆಚ್ಚೇ ಉಂಡೆ.