ಹಳೆಯ ನಿಮಿಷದ ಗುಲಾಬಿ

ಅಡಿಲೇಡಿನ ನಮ್ಮ ವೈನ್ ಪ್ರಯೋಗಾಲಯದಲ್ಲಿ ಯಂತ್ರಕ್ಕಿಂತ ಗ್ಲೆನಿಸ್‌ಗೆ ಬೆಲೆ ಹೆಚ್ಚು. ವೈನಿನ ಸಾರದ ಒಂದು ಹನಿಯನ್ನು ಯಂತ್ರ ಆವಿಮಾಡಿ, ಕೂದಲೆಳೆಯಂಥ ಅರವತ್ತು ಮೀಟರ್ ಕೊಳವೆಯೊಳಗೆ ಓಡಿಸುತ್ತದೆ. ಅಲ್ಲಿ ಪರಿಮಳಗಳು ಬೇರೆಬೇರೆಯಾಗಿ, ಒಂದೊಂದೂ ತನ್ನ ನಿಮಿಷಕ್ಕೆ ಹೊರಬರುತ್ತದೆ. ತುದಿಯ ಗಾಜಿನ ಬಾಯಿಗೆ ಮೂಗಿಟ್ಟು ಕೂತು, ವಾಸನೆ ಬಂದೊಡನೆ ಗುಂಡಿ ಒತ್ತಿ ಹೆಸರು ಹೇಳುವುದು ಅವಳ ಕೆಲಸ. ಇಪ್ಪತ್ತಾರು ವರ್ಷ ಅದೇ ಕುರ್ಚಿ. ಯಂತ್ರ ಕಾಗದದ ಮೇಲೆ ಎಳೆಯುವ ಗೆರೆ ಮಿಸುಕದಷ್ಟು ಕಡಿಮೆಯಿದ್ದದ್ದನ್ನೂ ಅವಳ ಮೂಗು ಬಿಡುತ್ತಿರಲಿಲ್ಲ. ಕೋಪವೂ ಆ ಮೂಗಿನ ತುದಿಯಲ್ಲೇ ಇತ್ತು.

ಗಂಡ ಮರ್ವ್ ತೀರಿಕೊಂಡ ಚಳಿಗಾಲದಲ್ಲಿ ಅವಳಿಗೆ ಕೆಟ್ಟ ಜ್ವರ ಬಂತು. ತಿಂಗಳ ಮೇಲೆ ವಾಪಸ್ಸು ಬಂದು ಮೊದಲಿನಂತೆಯೇ ಗುಂಡಿ ಒತ್ತಿದಳು.

ಒಂದು ಬೆಳಿಗ್ಗೆ, ಕೊಳವೆಯ ತುದಿ ಕೊಳೆಯಾಗಿದೆಯೆಂದು, ಯಂತ್ರ ನೋಡಿಕೊಳ್ಳುವ ನಾನು ಎರಡು ಮೀಟರ್ ಕತ್ತರಿಸಿದೆ. ಮಾಮೂಲಿ ಕೆಲಸ, ಅವಳಿಗೆ ಹೇಳಲು ಮರೆತೆ. ಕೊಳವೆ ಗಿಡ್ಡವಾದರೆ ಎಲ್ಲವೂ ಬೇಗ ಹೊರಬರುತ್ತದೆ. ಸಂಜೆ ಕಾಗದ ನೋಡಿದರೆ, ಗುಲಾಬಿಯ ಗೆರೆ ಎದ್ದು ಮುಕ್ಕಾಲು ನಿಮಿಷವಾದ ಮೇಲೆ ಅವಳು "ಗುಲಾಬಿ" ಎಂದಿದ್ದಳು. ಬಾಳೆಹಣ್ಣಿನದೂ ತಡ, ಲವಂಗದ್ದೂ ತಡ. ಎಲ್ಲವೂ ಹಳೆಯ ನಿಮಿಷಕ್ಕೆ ಸರಿಯಾಗಿ. ಅವಳು ಮೂಸಿ ಅಲ್ಲ, ಗಡಿಯಾರ ನೋಡಿ ಒತ್ತಿದ್ದಾಳೆಂದು ಹೊಳೆಯಿತು.

"ಕೊಳವೆ ಕತ್ತರಿಸಿದ್ಯಾ?" ಎಂದಳು ಹಿಂದಿನಿಂದ.

"ಹೂಂ. ಯಾವಾಗಿಂದ ಹೀಗೆ?"

"ಜ್ವರದಿಂದ. ಮರ್ವ್‌ನ ಸ್ವೆಟರ್ ಮೂಸ್ದೆ. ಬರೀ ಉಣ್ಣೆ ಚುಚ್ತು." ಕುರ್ಚಿ ಹಿಡಿದು ನಿಂತಳು. "ಒಂದು ಮಾತು ಹೇಳಬಾರ್ದಿತ್ತೇನೋ ಪಾಪಿ. ಹೇಗೋ ಇನ್ನೊಂದು ವರ್ಷ ತಳ್ತಿದ್ದೆ."

ಮರುದಿನ ರಾಜೀನಾಮೆ ಕೊಟ್ಟಳು. ಕಾರಣ ನನ್ನೊಬ್ಬನಿಗೇ ಗೊತ್ತು. ನನ್ನ ಕೈಯನ್ನು ನಾನೇ ಶಪಿಸಿಕೊಂಡೆ.

ಕೊನೆಯ ದಿನ, ಮರ್ವ್ ತಮ್ಮ ತೋಟದ ದ್ರಾಕ್ಷಿಯಿಂದ ಮಾಡಿದ ಕಡೆಯ ಕೆಂಪು ವೈನ್, ಶಿರಾಜ್‌ನ ಬಾಟಲಿ ತಂದು, ಸಾರ ತೆಗೆಸಿ, ತನ್ನ ಕುರ್ಚಿಯಲ್ಲಿ ನನ್ನನ್ನು ಕೂರಿಸಿದಳು. ಅವರ ಗುಡ್ಡದ ದ್ರಾಕ್ಷಿಗೆ ಕರಿಮೆಣಸಿನ ಘಮವಂತೆ. ಯಂತ್ರ ಅದನ್ನು ಕಾಣದು, ಮೂಗೇ ಬೇಕು.

"ಬಂತಾ?"

"ಬಂತು ಕಣೇ. ಜೋರಾಗಿದೆ."

"ಸುಳ್ಳ. ನಿನ್ನ ಮೂಗಿಗೆ ಮೆಣಸು ಹತ್ತಲ್ಲ. ನೀನು ಸೇರಿದಾಗ ಪರೀಕ್ಷೆ ಮಾಡಿದ್ದೇ ನಾನು."

ಅದು ನಿಜ. ಐದು ಜನರಲ್ಲಿ ಒಬ್ಬನಿಗೆ ಅದು ಹತ್ತುವುದಿಲ್ಲ.

"ಗೊತ್ತಿದ್ದೂ ಯಾಕೆ ಕೂರಿಸ್ದೆ?"

"ಇನ್ಯಾರನ್ನ ಕೇಳ್ಲಿ?" ಅವಳ ಕಣ್ಣು ಗಡಿಯಾರದ ಮೇಲಿತ್ತು. "ಮೆಣಸಿನ ಘಮ ಹೋಗೋಕೆ ಇನ್ನೂ ಅರ್ಧ ನಿಮಿಷ ಇದೆ. ಹೇಳು, ಹೇಗಿದೆ?"

ನಾನು ಗಾಜಿಗೆ ಮೂಗಿಟ್ಟು, ಅರ್ಧ ನಿಮಿಷ ಮುಗಿಯುವವರೆಗೂ ಹೇಳುತ್ತಲೇ ಇದ್ದೆ.